ಬಸ್ ನಿಲುಗಡೆ: ನಗರದ ಹೊಸ್ತಿಲಿನ ವಿಚಾರ

ಮುಂಬಯಿ ನಗರದಲ್ಲಿ ಮೊದಲನೆಯ ಮೋಟಾರು ಬಸ್ಸು ಓಡಿದುದು 1926ನೆಯ ಇಸವಿ ಜುಲೈ 15ರಂದು, ಅಫಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿನವರೆಗೆ. ಅದಕ್ಕೂ ಮುಂಚೆ, 1874ರಿಂದ ಕುದುರೆಗಳು ಎಳೆಯುವ ಟ್ರಾಮೂ 1907ರಿಂದ ವಿದ್ಯುತ್ತಿನ ಟ್ರಾಮೂ ಈ ನಗರದ ಜನರನ್ನು ಹೊತ್ತು ತಿರುಗಿದ್ದವು. 1937ರಲ್ಲಿ ಎರಡಂತಸ್ತಿನ ಬಸ್ಸು ಬಂದಿತು. 1947ರ ಆಗಸ್ಟ್ 7ರಂದು ಖಾಸಗಿ ಕಂಪನಿಯ ಕೈಯಲ್ಲಿದ್ದ ಉದ್ಯಮವು ನಗರಸಭೆಯ ವಶವಾಯಿತು. 1964ರ ಮಾರ್ಚ್ 31ರಂದು ಕೊನೆಯ ಟ್ರಾಮು ಓಡಿ ನಿಂತಿತು. 2023ರಲ್ಲಿ ಹಳೆಯ ಡೀಸೆಲ್ ಎರಡಂತಸ್ತಿನ ಬಸ್ಸೂ ಬೀಳ್ಕೊಂಡು, ಆ ಸ್ಥಾನಕ್ಕೆ ವಿದ್ಯುತ್ತಿನಿಂದ ಓಡುವ ಹವಾನಿಯಂತ್ರಿತ ಬಸ್ಸು ಬಂದಿತು. ಹೀಗೆ ವಾಹನಕ್ಕೆ ದೀರ್ಘವಾದ ಚರಿತ್ರೆಯಿದೆ. ಆ ವಾಹನಕ್ಕಾಗಿ ಜನ ಕಾದು ನಿಲ್ಲುವ ನಾಲ್ಕು ಮಾರು ನೆಲಕ್ಕೆ ಮಾತ್ರ ಹೇಳಿಕೊಳ್ಳುವಂಥ ಚರಿತ್ರೆಯೇ ಇಲ್ಲ. ಬಸ್ಸು ಬದಲಾದಷ್ಟು ನಿಲುಗಡೆಯು ಬದಲಾಗಲಿಲ್ಲ.

ಬಸ್ ನಿಲುಗಡೆಯೆಂದರೆ ಒಂದು ಕಂಬ, ಒಂದು ಫಲಕ, ಅನುಕೂಲವಿದ್ದಲ್ಲಿ ಒಂದು ಮಾಡು ಎಂಬುದು ರೂಢಿಯ ಕಲ್ಪನೆ. ಆದುದರಿಂದಲೇ ನಿಲುಗಡೆಯ ಸುಧಾರಣೆಯ ಮಾತು ಬಂದಾಗಲೆಲ್ಲ ಚರ್ಚೆಯು ಮಾಡಿನ ಸುತ್ತಲೇ ತಿರುಗುತ್ತದೆ: ಅದು ಉಕ್ಕಿನದಾಗಬೇಕೋ ಸಿಮೆಂಟಿನದಾಗಬೇಕೋ, ದೀಪಗಳೆಷ್ಟು, ಬಣ್ಣವಾವುದು. ನೆರಳು ಬೇಕಾದುದೇ ಸರಿ. ಆದರೆ ನಿಲುಗಡೆಯ ಮುಖ್ಯ ಕಾರ್ಯವು ನೆಲದ ಮೇಲಿರುವ ಮನುಷ್ಯನನ್ನು ಬಸ್ಸಿನೊಳಕ್ಕೆ ದಾಟಿಸುವುದಾಗಿದೆ. ಮನೆಗೆ ಹೊಸ್ತಿಲು ಹೇಗೋ ನಗರದ ಸಾರಿಗೆಗೆ ನಿಲುಗಡೆ ಹಾಗೆ. ಹೊಸ್ತಿಲು ಸೊಂಟದೆತ್ತರವಿದ್ದರೆ ಒಳಗಿನ ಮನೆ ಎಷ್ಟು ಚೆಂದವಿದ್ದೇನು ಫಲ? ಈ ಒಂದು ದೃಷ್ಟಿಯಿಂದ ನಿಲುಗಡೆಯ ರಚನೆಯನ್ನು ಪರಿಶೀಲಿಸಿದರೆ ಅದರ ಗುಣದೋಷಗಳೆಲ್ಲ ತಾವಾಗಿಯೇ ಗೋಚರಿಸುತ್ತವೆ.

ಆರು ಅಂಗುಲದ ಲೆಕ್ಕ

ಕೇಂದ್ರ ಸರಕಾರದ ನಗರಾಭಿವೃದ್ಧಿ ಸಚಿವಾಲಯವು 2008ರಲ್ಲಿ ನಗರದ ಬಸ್ಸುಗಳಿಗೆ ಗೊತ್ತುಪಡಿಸಿದ ವಿವರಗಳಲ್ಲಿ ಬಸ್ಸಿನ ನೆಲದ ಎತ್ತರವನ್ನು ಮೂರು ಬಗೆಯಾಗಿ ವಿಂಗಡಿಸಲಾಗಿದೆ. ರಸ್ತೆಯಿಂದ 400 ಮಿಲಿಮೀಟರ್ ಎತ್ತರದ್ದು ತಗ್ಗು ನೆಲ. 650 ಮಿಲಿಮೀಟರಿನದು ಅರೆತಗ್ಗು ನೆಲ. ಮೂರನೆಯದು 900 ಮಿಲಿಮೀಟರ್, ಎಂದರೆ ಹೆಚ್ಚುಕಡಮೆ ಮೂರಡಿ. ಮೂರಡಿಯ ನೆಲವನ್ನು ಮುಟ್ಟಬೇಕಾದರೆ ಬಾಗಿಲೊಳಗೆ ಕಡಿದಾದ ಮೆಟ್ಟಿಲುಗಳಿರಲೇಬೇಕು. ನೆಲ ತಗ್ಗಿದಷ್ಟೂ ಮೆಟ್ಟಿಲು ಕಡಮೆಯಾಗುತ್ತದೆ. 400 ಮಿಲಿಮೀಟರಿನ ಬಸ್ಸಿನಲ್ಲಿ ಬಾಗಿಲೊಳಗೆ ಮೆಟ್ಟಿಲೇ ಇಲ್ಲ.

ಇನ್ನು ನಿಲುಗಡೆಯ ಕಡೆಯ ಲೆಕ್ಕ. ಭಾರತೀಯ ರಸ್ತೆ ಕಾಂಗ್ರೆಸ್ಸು ಪಾದಚಾರಿಗಳ ಸೌಕರ್ಯಗಳನ್ನು ಕುರಿತು 2012ರಲ್ಲಿ ಪ್ರಕಟಿಸಿದ ಸೂತ್ರಗಳ ಪ್ರಕಾರ ಫುಟ್‌ಪಾತಿನ ಎತ್ತರವು 150 ಮಿಲಿಮೀಟರನ್ನು ಮೀರಕೂಡದು. ಇದು ಹಳೆಯ ಲೆಕ್ಕದಲ್ಲಿ ಆರು ಅಂಗುಲ. ತಗ್ಗು ನೆಲದ ಬಸ್ಸು ಇಂಥ ಫುಟ್‌ಪಾತಿನ ಅಂಚಿಗೆ ತಾಗಿ ನಿಂತರೆ ಏರಬೇಕಾದ ಎತ್ತರ 250 ಮಿಲಿಮೀಟರ್. ಈ ಬಗೆಯ ಬಸ್ಸುಗಳು ನಿಂತಾಗ ಬಾಗಿಲ ಕಡೆಗೆ ಸ್ವಲ್ಪ ಮಂಡಿಯೂರುವಂತೆ ಬಾಗಬಲ್ಲವು. ಆ ಬಾಗುವಿಕೆ 60 ಮಿಲಿಮೀಟರ್ ಎಂದು ಹಿಡಿದರೆ ಉಳಿಯುವುದು 190 ಮಿಲಿಮೀಟರ್. ಇದು ಮನೆಯ ಸಾಮಾನ್ಯ ಮೆಟ್ಟಿಲೊಂದರ ಎತ್ತರ. ಮಂಡಿನೋವಿನ ಮುದುಕರೂ ಕೈಹಿಡಿಯನ್ನು ಹಿಡಿದು ಏರಬಹುದಾದುದು.

ಅದೇ ಬಸ್ಸು ಅಂಚಿನಿಂದ ಎರಡು ಮಾರು ದೂರ ನಿಂತಿತೆನ್ನೋಣ. ಪ್ರಯಾಣಿಕನು ಫುಟ್‌ಪಾತಿನಿಂದ ರಸ್ತೆಗಿಳಿದು, ಅಲ್ಲಿಂದ 340 ಮಿಲಿಮೀಟರ್ ಏರಬೇಕಾಗುತ್ತದೆ. ಗಾಲಿಕುರ್ಚಿಯವರ ಲೆಕ್ಕ ಇನ್ನೂ ನಿಷ್ಠುರವಾದುದು. ಕಟ್ಟಡಗಳಲ್ಲಿ ಇಳಿಜಾರಿಗೆ ಒಪ್ಪಿತವಾದ ಪ್ರಮಾಣ ಹನ್ನೆರಡಕ್ಕೆ ಒಂದು. ಎಂದರೆ ಒಂದಡಿ ಏರಲು ಹನ್ನೆರಡಡಿ ಉದ್ದ. ಬಸ್ಸಿನ ಬಾಗಿಲಿನಿಂದ ಚಾಚುವ ಹಲಗೆಗೆ ಅಷ್ಟು ಉದ್ದವಿರಲು ಸಾಧ್ಯವಿಲ್ಲ. ಅದನ್ನು ಒಂದು ಮೀಟರೆಂದು ಭಾವಿಸಿದರೆ, ಫುಟ್‌ಪಾತಿನ ಮೇಲೆ ಅದರ ಇಳಿಜಾರು ಸುಮಾರು ಐದಕ್ಕೆ ಒಂದು; ಸಹಾಯಕನೊಬ್ಬನಿದ್ದರೆ ಕುರ್ಚಿಯನ್ನು ತಳ್ಳಬಹುದು. ರಸ್ತೆಯ ಮೇಲೆ ಅದೇ ಹಲಗೆಯ ಇಳಿಜಾರು ಮೂರಕ್ಕೆ ಒಂದು. ಅಲ್ಲಿ ತಳ್ಳುವುದು ಕುರ್ಚಿಯವನಿಗೂ ತಳ್ಳುವವನಿಗೂ ಅಪಾಯ. ಬಸ್ಸು ಅದೇ, ಹಲಗೆಯೂ ಅದೇ. ವ್ಯತ್ಯಾಸವೆಲ್ಲ ಆರು ಅಂಗುಲದ ನೆಲದಲ್ಲಿದೆ. ತಗ್ಗು ನೆಲದ ಬಸ್ಸನ್ನು ಕೊಳ್ಳಲು ತೆತ್ತ ಹಣದ ಫಲವು ಕೈಸೇರುವುದೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ನಿಲುಗಡೆಯೇ ಹೊರತು ಬಸ್ಸಲ್ಲ.

ಬೆಂಗಳೂರಿನ ಅನುಭವ ಇದಕ್ಕೆ ಸಾಕ್ಷಿ. ತಗ್ಗು ನೆಲದ ವೋಲ್ವೋ ಬಸ್ಸುಗಳು ಆ ನಗರದಲ್ಲಿ 2006ರಲ್ಲಿಯೇ ಓಡತೊಡಗಿದವು. ಭಾರತದ ನಗರಸಾರಿಗೆಯಲ್ಲಿ ಅದೊಂದು ಗಣ್ಯ ಹೆಜ್ಜೆ. ಆದರೆ ಬಸ್ಸಿನ ನೆಲ ತಗ್ಗಿದ ವೇಗದಲ್ಲಿ ನಿಲುಗಡೆಯ ನೆಲವು ಸಿದ್ಧವಾಗಲಿಲ್ಲ. ಜನ ರಸ್ತೆಗಿಳಿದು ಕಾಯುವುದೂ ರಸ್ತೆಯಿಂದಲೇ ಏರುವುದೂ ತಪ್ಪಲಿಲ್ಲ.

ದಂಡೆಗೆ ಬಾರದ ಬಸ್ಸು

ಬಸ್ಸು ಫುಟ್‌ಪಾತಿನ ಅಂಚಿಗೆ ಏಕೆ ಬರುವುದಿಲ್ಲ? ಚಾಲಕನ ಆತುರವನ್ನೋ ಅಲಕ್ಷ್ಯವನ್ನೋ ದೂರುವುದು ಸುಲಭ. ಅದು ಅರ್ಧಸತ್ಯ ಮಾತ್ರ. ಹನ್ನೆರಡು ಮೀಟರ್ ಉದ್ದದ ವಾಹನವನ್ನು ರಸ್ತೆಯ ನಡುವಿನಿಂದ ಅಂಚಿಗೆ ತಂದು, ಅಂಚಿಗೆ ಸಮಾನಾಂತರವಾಗಿ ನಿಲ್ಲಿಸಿ, ಪುನಃ ಹೊರಗೆ ಒಯ್ಯಲು ಸಾಕಷ್ಟು ತೆರಪು ಬೇಕು. ಹಿಂದುಮುಂದೆ ವಾಹನಗಳು ನಿಲ್ಲುವ ರಸ್ತೆಯಲ್ಲಿ ಈ ಕಾರ್ಯಕ್ಕೆ ಒಟ್ಟು 37 ಮೀಟರ್ ತೆರವಾದ ಅಂಚು ಬೇಕೆಂದು ಲಂಡನ್ ನಗರದ ಸಾರಿಗೆ ಸಂಸ್ಥೆಯ ಮಾರ್ಗದರ್ಶಿಯು ಲೆಕ್ಕ ಹಾಕಿದೆ. ನಮ್ಮ ನಗರಗಳ ನಿಲುಗಡೆಗಳಲ್ಲಿ 37 ಮೀಟರಿನ ಮಾತು ಹಾಗಿರಲಿ, ಬಸ್ಸಿನ ಉದ್ದದಷ್ಟು ಜಾಗವೂ ಬರಿದಾಗಿರುವುದು ವಿರಳ. ಒಂದು ಕಡೆ ರಿಕ್ಷಾಗಳ ಸಾಲು, ಇನ್ನೊಂದು ಕಡೆ ನಿಲ್ಲಿಸಿದ ಮೋಟಾರು ಕಾರು, ನಡುವೆ ಹಣ್ಣಿನ ಗಾಡಿ. ಇವುಗಳ ನಡುವೆ ಬಸ್ಸನ್ನು ತೂರಿಸುವುದಕ್ಕಿಂತ ರಸ್ತೆಯ ನಡುವೆಯೇ ನಿಲ್ಲಿಸುವುದು ಚಾಲಕನಿಗೆ ಕ್ಷೇಮವೆನಿಸಿದರೆ ಅವನನ್ನು ಪೂರ್ತಿಯಾಗಿ ತಪ್ಪಿತಸ್ಥನೆನ್ನಲಾಗದು.

ಇದಕ್ಕೆ ಪರಿಹಾರವೆಂದು ರಸ್ತೆಯ ಪಕ್ಕವನ್ನು ಒಳಕ್ಕೆ ಕೊರೆದು ಬಸ್ಸಿಗೆ ಗೂಡು ಮಾಡಿಕೊಡುವ ಪದ್ಧತಿ ಅನೇಕ ಕಡೆ ಬಂದಿತು. ನೋಡಲು ಅದು ಅಚ್ಚುಕಟ್ಟು. ಆದರೆ ಆ ಗೂಡಿಗೆ ಬೇಕಾದ ನೆಲವನ್ನು ಕತ್ತರಿಸುವುದು ಫುಟ್‌ಪಾತಿನಿಂದ. ಹೆಚ್ಚು ಜನ ನಿಲ್ಲುವ ಸ್ಥಳದಲ್ಲಿಯೇ ಫುಟ್‌ಪಾತು ಕಿರಿದಾಗುತ್ತದೆ. ಗೂಡಿನೊಳಗೆ ಇತರ ವಾಹನಗಳು ನಿಲ್ಲುತ್ತವೆ. ಗೂಡಿನಿಂದ ಹೊರಬರಲು ಬಸ್ಸು ಕಾರುಗಳ ದಯೆಗಾಗಿ ಕಾಯಬೇಕು. ಈ ಅನುಭವದ ಮೇಲೆ ಯೂರೋಪಿನ ಹಲವು ನಗರಗಳು ತಿರುಗುಮುರುಗಾದ ಉಪಾಯವನ್ನು ಹಿಡಿದವು: ಬಸ್ಸನ್ನು ಅಂಚಿಗೆ ಕರೆಯುವ ಬದಲು ಅಂಚನ್ನೇ ಬಸ್ಸಿನ ಬಳಿಗೆ ಒಯ್ಯುವುದು. ನಿಲ್ಲಿಸಿದ ವಾಹನಗಳ ಸಾಲಿನಷ್ಟು ಅಗಲಕ್ಕೆ ಫುಟ್‌ಪಾತನ್ನು ರಸ್ತೆಯೊಳಕ್ಕೆ ಚಾಚಿದರೆ, ಬಸ್ಸು ಹೊರಳದೆ ನೇರವಾಗಿ ಬಂದು ನಿಲ್ಲಬಲ್ಲುದು. ಕಾಯುವವರಿಗೂ ಜಾಗ ಸಿಕ್ಕುತ್ತದೆ. ಜರ್ಮನಿಯ ಕಾಸೆಲ್ ನಗರದಲ್ಲಿ ರೂಪುಗೊಂಡು ಅದರ ಹೆಸರಿನಿಂದಲೇ ಪ್ರಸಿದ್ಧವಾದ ಅಂಚುಕಲ್ಲು ಇದೇ ದಿಕ್ಕಿನ ಮತ್ತೊಂದು ಹೆಜ್ಜೆ. ಅದರ ಮೈ ಒಳಬಾಗಿನದು. ಬಸ್ಸಿನ ಚಕ್ರವು ಅದನ್ನು ಸವರಿಕೊಂಡು ಬಂದರೂ ಟಯರಿಗೆ ಪೆಟ್ಟಾಗುವುದಿಲ್ಲ. ಪೆಟ್ಟಿನ ಭಯವಿಲ್ಲದ ಚಾಲಕನು ಅಂಚಿನಿಂದ ಗೇಣು ದೂರದೊಳಗೆ ಬಸ್ಸನ್ನು ನಿಲ್ಲಿಸುತ್ತಾನೆ. ಚಾಲಕನಿಗೆ ಉಪದೇಶ ಮಾಡುವುದಕ್ಕಿಂತ ಕಲ್ಲನ್ನು ಬದಲಾಯಿಸುವುದು ಫಲಕಾರಿಯಾಯಿತೆಂಬುದು ಇಲ್ಲಿ ಗಮನಾರ್ಹ.

ನೆಲವನ್ನೇ ಬಸ್ಸಿನ ಮಟ್ಟಕ್ಕೆ ಎತ್ತುವ ಮಾರ್ಗವೂ ಉಂಟು. ಬ್ರೆಜಿಲಿನ ಕುರಿಟೀಬಾ ನಗರವು 1974ರಲ್ಲಿ ಬಸ್ಸಿಗೆ ಪ್ರತ್ಯೇಕ ಪಥವನ್ನು ಕೊಟ್ಟು, 1991ರಲ್ಲಿ ಕೊಳವೆಯಾಕಾರದ ಎತ್ತರದ ನಿಲುಗಡೆಗಳನ್ನು ಕಟ್ಟಿತು. ಜನ ಮೊದಲೇ ಹಣ ತೆತ್ತು ಒಳಗೆ ಕಾದಿದ್ದು, ಬಸ್ಸಿನ ನೆಲಕ್ಕೆ ಸಮವಾದ ವೇದಿಕೆಯಿಂದ ನೇರವಾಗಿ ಒಳಗೆ ನಡೆದುಹೋಗುತ್ತಾರೆ. 2009ರಲ್ಲಿ ಅಹಮದಾಬಾದು ಈ ಕ್ರಮವನ್ನು ಅನುಸರಿಸಿತು. ಕರ್ನಾಟಕದಲ್ಲಿ ಹುಬ್ಬಳ್ಳಿ-ಧಾರವಾಡಗಳ ನಡುವೆ ಸುಮಾರು 22 ಕಿಲೋಮೀಟರ್ ಉದ್ದಕ್ಕೆ ಇದೇ ತತ್ತ್ವದ ಮೇಲೆ ರಚಿತವಾದ ‘ಚಿಗರಿ’ ಬಸ್ಸಿನ ಸೇವೆಯು 2018ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 2020ರ ಫೆಬ್ರವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು. ಅಲ್ಲಿಯ ನಿಲುಗಡೆಯಲ್ಲಿ ವೇದಿಕೆಗೂ ಬಸ್ಸಿಗೂ ಮಟ್ಟದ ವ್ಯತ್ಯಾಸವಿಲ್ಲವಾಗಿ ಮೆಟ್ಟಿಲ ಪ್ರಶ್ನೆಯೇ ಏಳುವುದಿಲ್ಲ. ಆದರೆ ಇಂಥ ನಿಲುಗಡೆಯು ರಸ್ತೆಯ ನಡುವೆ ಇರುವುದರಿಂದ ಅಲ್ಲಿಗೆ ತಲುಪಲು ಪ್ರತಿಯೊಬ್ಬನೂ ವಾಹನಗಳ ಪ್ರವಾಹವನ್ನು ದಾಟಬೇಕು. ಹೊಸ್ತಿಲು ಸಮವಾದರೂ ಅಂಗಳ ಅಪಾಯದ್ದಾದರೆ ಕೆಲಸ ಪೂರ್ತಿಯಾಗಲಿಲ್ಲ. ನಿಲುಗಡೆಯ ರಚನೆಯಲ್ಲಿ ಅದಕ್ಕೆ ಬರುವ ದಾರಿಯೂ ಸೇರಿದೆಯೆಂಬ ಪಾಠ ಇದರಿಂದ ದೊರೆಯುತ್ತದೆ.

ಮಾಡು ಯಾರಿಗಾಗಿ?

1964ರಲ್ಲಿ ಫ್ರಾನ್ಸಿನ ಲಿಯೋಂ ನಗರದಲ್ಲಿ ಝಾಂ-ಕ್ಲೋದ್ ದೆಕೋ ಎಂಬ ಉದ್ಯಮಿಯು ಒಂದು ಹೊಸ ವ್ಯವಸ್ಥೆಯನ್ನು ಜಾರಿಗೆ ತಂದನು. ಬಸ್ಸಿನ ತಂಗುದಾಣವನ್ನು ತಾನೇ ಕಟ್ಟಿ, ತಾನೇ ಶುಚಿಯಾಗಿಡುವುದು. ಪ್ರತಿಯಾಗಿ ಅದರ ಮೇಲೆ ಜಾಹೀರಾತು ಹಾಕುವ ಹಕ್ಕನ್ನು ಪಡೆಯುವುದು. ನಗರಸಭೆಯ ಬೊಕ್ಕಸಕ್ಕೆ ಭಾರವಿಲ್ಲದ ಈ ಏರ್ಪಾಡು ಜಗತ್ತಿನ ಅನೇಕ ನಗರಗಳಿಗೆ ಹರಡಿತು. ಮುಂಬಯಿ, ದೆಹಲಿ, ಬೆಂಗಳೂರುಗಳ ತಂಗುದಾಣಗಳಲ್ಲಿಯೂ ಇದರ ನಾನಾ ರೂಪಗಳನ್ನು ಕಾಣಬಹುದು. ವ್ಯವಸ್ಥೆಯು ತನ್ನಷ್ಟಕ್ಕೆ ಕೆಟ್ಟುದೆಂದು ಹೇಳಲಾಗದು. ಹಣವಿಲ್ಲದ ನಗರಸಭೆಗೆ ಅದು ಮಾಡನ್ನು ಒದಗಿಸಿದೆ. ಆದರೆ ಹಣ ಯಾರಿಂದ ಬರುತ್ತದೆಯೋ ಅವರ ಅಗತ್ಯಕ್ಕೆ ತಕ್ಕಂತೆ ವಸ್ತುವಿನ ಆಕಾರವೂ ಬದಲಾಗುತ್ತದೆಂಬುದು ಲೋಕನಿಯಮ.

ಒಂದು ಸಣ್ಣ ಉದಾಹರಣೆ ಸಾಕು. ವಾಹನಗಳು ಎಡಗಡೆಯಲ್ಲಿ ಓಡುವ ನಮ್ಮ ದೇಶದಲ್ಲಿ, ರಸ್ತೆಗೆ ಮುಖಮಾಡಿ ನಿಂತ ಪ್ರಯಾಣಿಕನಿಗೆ ಬಸ್ಸು ಬರುವುದು ಬಲಗಡೆಯಿಂದ. ಆದುದರಿಂದ ತಂಗುದಾಣದ ಬಲಗಡೆಯು ತೆರೆದಿರಬೇಕಾದುದು ಸಹಜ. ಆದರೆ ಎದುರಿನಿಂದ ಬರುವ ಕಾರುಗಳವರ ಕಣ್ಣಿಗೆ ನೇರವಾಗಿ ಬೀಳುವುದೂ ಅದೇ ಬಲಗಡೆಯ ಮೈ. ಜಾಹೀರಾತಿಗೆ ಅತ್ಯಂತ ಬೆಲೆಬಾಳುವ ಸ್ಥಳವೂ ಅದೇ. ಅಲ್ಲಿ ಆಳೆತ್ತರದ ಫಲಕವನ್ನು ನಿಲ್ಲಿಸಿದೊಡನೆ ಒಳಗೆ ಕುಳಿತವನಿಗೆ ಬಸ್ಸು ಕಾಣದಾಗುತ್ತದೆ. ಅವನು ಎದ್ದು ರಸ್ತೆಗಿಳಿದು ಕತ್ತು ಚಾಚಿ ನೋಡತೊಡಗುತ್ತಾನೆ. ಒಬ್ಬನು ಇಳಿದರೆ ಹತ್ತು ಜನ ಇಳಿಯುತ್ತಾರೆ. ಹತ್ತು ಜನ ರಸ್ತೆಯಲ್ಲಿದ್ದರೆ ಬಸ್ಸು ಅಂಚಿಗೆ ಬರಲಾರದು. ಜನರಿಗೆ ಶಿಸ್ತಿಲ್ಲವೆಂದು ಎಲ್ಲರೂ ದೂರುವ ಈ ದೃಶ್ಯದ ಮೂಲವು ಅನೇಕ ಕಡೆ ಒಂದು ಫಲಕದ ಸ್ಥಾನದಲ್ಲಿದೆ. ಫಲಕವನ್ನು ಹಿಂಬದಿಯ ಗೋಡೆಗೋ ಎಡಗಡೆಗೋ ಸರಿಸಿದರೆ ಬಾಡಿಗೆ ಸ್ವಲ್ಪ ಕಡಮೆಯಾದೀತು, ಬಸ್ಸು ಕಾಣುತ್ತದೆ.

ಜನಪ್ರತಿನಿಧಿಗಳ ನಿಧಿಯಿಂದ ಕಟ್ಟಿಸಿದ ತಂಗುದಾಣಗಳಲ್ಲಿ ಇದೇ ದೋಷವು ಬೇರೊಂದು ವೇಷದಲ್ಲಿರುತ್ತದೆ. ದಾನಿಯ ಹೆಸರು ಹತ್ತಡಿ ಉದ್ದ. ಸ್ಥಳದ ಹೆಸರು ಗೇಣುದ್ದ. ಬಸ್ಸುಗಳ ಸಂಖ್ಯೆಯಂತೂ ಇಲ್ಲವೇ ಇಲ್ಲ. ತಾನು ಎಲ್ಲಿ ನಿಂತಿದ್ದೇನೆಂದು ತಿಳಿಯದ ಪರಸ್ಥಳದವನಿಗೆ ಅದನ್ನು ಯಾರು ಕಟ್ಟಿಸಿದರೆಂಬ ಮಾಹಿತಿ ಮಾತ್ರ ಪುಷ್ಕಳವಾಗಿ ಸಿಕ್ಕುತ್ತದೆ.

ಕಾಯುವವನ ಅನುಭವದಲ್ಲಿ ಆಸನಕ್ಕೂ ಮಾಡಿಗೂ ಇರುವ ಬೆಲೆಯನ್ನು ಸಾರಿಗೆಯ ಅರ್ಥಶಾಸ್ತ್ರಜ್ಞರು ಅಳೆದಿದ್ದಾರೆ. ಬಸ್ಸಿನೊಳಗೆ ಕುಳಿತು ಕಳೆದ ಒಂದು ನಿಮಿಷಕ್ಕಿಂತ ಹೊರಗೆ ಕಾದ ಒಂದು ನಿಮಿಷವು ಸುಮಾರು ಇಮ್ಮಡಿ ಭಾರವೆಂಬುದು ಅವರ ರೂಢಿಯ ಲೆಕ್ಕ. ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಸನ, ಮಾಡು, ಬಸ್ಸು ಬರುವ ವೇಳೆಯ ಸೂಚನೆ ಇವು ಇದ್ದಲ್ಲಿ ಜನರಿಗೆ ಕಾಯುವ ಕಾಲವು ಕಿರಿದಾಗಿ ತೋರುತ್ತದೆಂದೂ, ಅಸುರಕ್ಷಿತವೆನಿಸುವ ಸ್ಥಳದಲ್ಲಿ ಹೆಂಗಸರಿಗೆ ಅದೇ ಕಾಲವು ಬಹಳ ದೀರ್ಘವಾಗಿ ತೋರುತ್ತದೆಂದೂ ಕಂಡುಬಂದಿತು. ಬಸ್ಸುಗಳ ಸಂಖ್ಯೆಯನ್ನು ಹೆಚ್ಚಿಸದೆಯೂ ಕಾಯುವವನ ಕಷ್ಟವನ್ನು ತಗ್ಗಿಸಬಹುದೆಂಬುದಕ್ಕೆ ಇದು ಆಧಾರ. ಒಂದು ಬೆಂಚು, ಒಂದು ದೀಪ, ಹಿಂದಿನಿಂದ ಯಾರೂ ಮರೆಯಾಗಿ ನಿಲ್ಲಲಾರದಂಥ ತೆರೆದ ರಚನೆ ಇವು ಭಾರಿ ಖರ್ಚಿನ ಸಂಗತಿಗಳಲ್ಲ.

ಮುಂಬಯಿಯ ಬಸ್ ನಿಲುಗಡೆಯ ಸರದಿ ಸಾಲು ದೇಶದಲ್ಲೆಲ್ಲ ಹೆಸರಾದುದು. ಆ ಶಿಸ್ತಿಗೆ ನೆರವಾಗಿ ಹಲವೆಡೆ ಉಕ್ಕಿನ ಕಂಬಿಗಳ ಕಟಕಟೆಯನ್ನು ನಿಲ್ಲಿಸಿದ್ದಾರೆ. ಒಬ್ಬರ ಹಿಂದೆ ಒಬ್ಬರು ನಿಲ್ಲಲು ಅದು ಒಳ್ಳೆಯದೇ. ಗಾಲಿಕುರ್ಚಿಗೆ ಮಾತ್ರ 900 ಮಿಲಿಮೀಟರ್ ಅಗಲದ ದಾರಿ, ತಿರುಗಲು 1,500 ಮಿಲಿಮೀಟರ್ ವ್ಯಾಸದ ಜಾಗ ಬೇಕು. ಕಟಕಟೆಯ ಒಂದು ತುದಿಯನ್ನು ಅಗಲಗೊಳಿಸಿದರೆ ಸರದಿಯೂ ಉಳಿಯುತ್ತದೆ, ಕುರ್ಚಿಯೂ ಹೋಗುತ್ತದೆ. ಮಗುವನ್ನೆತ್ತಿಕೊಂಡು ಚೀಲ ಹಿಡಿದ ತಾಯಿಗೂ ಅದೇ ಅಗಲ ಬೇಕೆಂಬುದನ್ನು ಮರೆಯಬಾರದು.

ಅಕ್ಷರ, ಅಂಕಿ, ಧ್ವನಿ

ನಿಲುಗಡೆಗೆ ಬಂದವನಿಗೆ ನಾಲ್ಕು ಪ್ರಶ್ನೆಗಳಿರುತ್ತವೆ: ಇದು ಯಾವ ಸ್ಥಳ? ಇಲ್ಲಿಗೆ ಯಾವ ಬಸ್ಸು ಬರುತ್ತದೆ? ಎಷ್ಟು ಹೊತ್ತಿಗೆ ಬರುತ್ತದೆ? ಎಲ್ಲಿಗೆ ಹೋಗುತ್ತದೆ? ನಿಲುಗಡೆಯು ಈ ನಾಲ್ಕಕ್ಕೂ ಮೌನವಾಗಿದ್ದರೆ ಉತ್ತರಕ್ಕಾಗಿ ಪಕ್ಕದವರನ್ನು ಕೇಳಬೇಕು. ಊರಿನ ಭಾಷೆ ಬಲ್ಲವನು ಕೇಳಿಯಾನು, ಬಾರದವನು?

ವಲಸೆ ಬಂದ ಕನ್ನಡಿಗರಿಗೆ ಇದು ಅಪರಿಚಿತ ಕಷ್ಟವಲ್ಲ. ಮುಂಬಯಿಯ ಬಸ್ಸುಗಳ ಮುಂಭಾಗದಲ್ಲಿ ಮಾರ್ಗದ ಸಂಖ್ಯೆಯನ್ನು ದೇವನಾಗರಿ ಅಂಕಿಗಳಲ್ಲಿ ಬರೆದು, ಇಂಗ್ಲಿಷ್ ಅಂಕಿಗಳನ್ನು ಪಕ್ಕದ ಮೈಯಲ್ಲಿ ಬರೆಯುವ ಪದ್ಧತಿ ಬಹುಕಾಲ ನಡೆದುಬಂದಿತು. ದೇವನಾಗರಿಯ ಒಂದು ಎಂಬ ಅಂಕಿ ಇಂಗ್ಲಿಷಿನ 9ನ್ನೂ, ಐದು ಎಂಬುದು 4ನ್ನೂ ಹೋಲುತ್ತದೆ. ಹೊಸದಾಗಿ ಬಂದವನು ದೂರದಿಂದ ಸಂಖ್ಯೆಯನ್ನು ತಪ್ಪಾಗಿ ಓದಿ, ಬಸ್ಸಿನ ಪಕ್ಕ ಕಾಣುವಷ್ಟರಲ್ಲಿ ಅದು ಹೊರಟುಹೋಗುತ್ತಿತ್ತು. ನಾಡಿನ ಭಾಷೆಗೆ ನಾಡಿನಲ್ಲಿ ಅಗ್ರಸ್ಥಾನ ಸಲ್ಲಬೇಕಾದುದು ನ್ಯಾಯ. ಮುಂಬಯಿಯಲ್ಲಿ ಮರಾಠಿಗೂ ಬೆಂಗಳೂರಿನಲ್ಲಿ ಕನ್ನಡಕ್ಕೂ ಇದು ಸಮಾನವಾಗಿ ಅನ್ವಯಿಸುತ್ತದೆ. ಆದರೆ ಅಂಕಿಯನ್ನು ಇನ್ನೊಂದು ಲಿಪಿಯಲ್ಲಿಯೂ ಅದೇ ಮುಂಭಾಗದಲ್ಲಿ ತೋರಿಸುವುದರಿಂದ ಯಾವ ಭಾಷೆಯ ಗೌರವಕ್ಕೂ ಕುಂದಿಲ್ಲ. ಬೆಂಗಳೂರಿಗೆ ದುಡಿಯಲು ಬಂದ ಪರಭಾಷಿಕ ಕೂಲಿಯವನಿಗೆ ಕನ್ನಡಿಗರು ಯಾವ ಸೌಜನ್ಯವನ್ನು ತೋರಬೇಕೋ ಅದೇ ಸೌಜನ್ಯವನ್ನು ಹೊರನಾಡ ಕನ್ನಡಿಗನು ತಾನಿರುವ ನಗರದಿಂದ ಅಪೇಕ್ಷಿಸುವುದು ಯುಕ್ತ.

ಓದಲೇ ಬಾರದವರಿಗೂ ಕಣ್ಣೇ ಕಾಣದವರಿಗೂ ಅಕ್ಷರದ ಸುಧಾರಣೆ ಸಾಲದು. ಮುಂಬಯಿಯಲ್ಲಿ ಬಸ್ಸಿರುವ ಸ್ಥಾನವನ್ನು ಕೈಫೋನಿನಲ್ಲಿ ನೋಡುವ ಅನುಕೂಲವಾಗಿದೆ. ಆದರೂ ಒಂದೇ ನಿಲುಗಡೆಗೆ ಮೂರು ಬಸ್ಸುಗಳು ಒಟ್ಟಿಗೆ ಬಂದಾಗ ತನ್ನದು ಯಾವುದೆಂದು ಅಂಧನಿಗೆ ತಿಳಿಯುವುದು ಹೇಗೆ? ದೆಹಲಿಯ ಐಐಟಿಯಲ್ಲಿ ‘ಆನ್‌ಬೋರ್ಡ್’ ಎಂಬ ಉಪಕರಣವನ್ನು ಇದಕ್ಕಾಗಿಯೇ ನಿರ್ಮಿಸಿದರು. ಪ್ರಯಾಣಿಕನು ಕೈಯಲ್ಲಿರುವ ಗುಂಡಿಯನ್ನೊತ್ತಿದರೆ ಹತ್ತಿರ ಬಂದ ಬಸ್ಸಿನ ಸಂಖ್ಯೆ ಅವನಿಗೆ ಕೇಳಿಸುತ್ತದೆ. ತನ್ನ ಬಸ್ಸನ್ನು ಆರಿಸಿಕೊಂಡರೆ ಅದರ ಬಾಗಿಲ ಬಳಿಯ ಧ್ವನಿಯು ಅವನಿಗೆ ದಾರಿ ತೋರಿಸುತ್ತದೆ. ದೆಹಲಿ, ಮುಂಬಯಿಗಳ ಬಸ್ಸುಗಳಲ್ಲಿ ಇದರ ಪ್ರಯೋಗಗಳು ನಡೆದವು.

ಅಂಧನ ಪಾದಕ್ಕೆ ತಿಳಿಯುವ ಲಿಪಿಯೂ ಒಂದುಂಟು. ಜಪಾನಿನ ಸೇಇಚಿ ಮಿಯಾಕೆ ಎಂಬವನು 1965ರಲ್ಲಿ ಉಬ್ಬುಗಳುಳ್ಳ ನೆಲಹಾಸಿನ ಬಿಲ್ಲೆಗಳನ್ನು ರೂಪಿಸಿದನು. 1967ರ ಮಾರ್ಚ್ 18ರಂದು ಒಕಾಯಾಮಾ ನಗರದಲ್ಲಿ ಅಂಧರ ಶಾಲೆಯೊಂದರ ಬಳಿ ಅವುಗಳನ್ನು ಮೊದಲಬಾರಿಗೆ ಹಾಸಲಾಯಿತು. ಇಂದು ಅದರ ವ್ಯಾಕರಣ ಸರಳವಾದುದು: ಉದ್ದನೆಯ ಗೆರೆಗಳಿದ್ದರೆ ಮುನ್ನಡೆ, ಚುಕ್ಕೆಗಳಿದ್ದರೆ ನಿಲ್ಲು. ಹಳದಿ ಬಣ್ಣದ ಈ ಬಿಲ್ಲೆಗಳು ಭಾರತದ ನಗರಗಳಲ್ಲಿಯೂ ಕಾಣತೊಡಗಿವೆ. ಆದರೆ ಗೆರೆಯ ಸಾಲು ನೇರವಾಗಿ ಮರದ ಬುಡಕ್ಕೋ ವಿದ್ಯುತ್ ಪೆಟ್ಟಿಗೆಗೋ ಹೋಗಿ ಮುಟ್ಟುವ ನಿದರ್ಶನಗಳು ಕಡಮೆಯಲ್ಲ. ಅರ್ಥ ತಿಳಿಯದೆ ಹಾಸಿದ ಬಿಲ್ಲೆಯು ಬಿಲ್ಲೆಯಿಲ್ಲದುದಕ್ಕಿಂತ ಹೆಚ್ಚು ಅಪಾಯಕರ. ಅದನ್ನು ನಂಬಿ ನಡೆಯುವವನೊಬ್ಬನಿದ್ದಾನೆ.

ಕಾಯಿದೆಯ ಮಾತು

ಅಂಗವಿಕಲರ ಹಕ್ಕುಗಳ ಕಾಯಿದೆಯು 2016ರಲ್ಲಿ ಅಂಗೀಕೃತವಾಗಿ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದಿತು. ಅದರ 41ನೆಯ ಕಲಮು ಸಾರಿಗೆಗೆ ಸಂಬಂಧಿಸಿದುದು. ಬಸ್ ನಿಲುಗಡೆಯ ಹೆಸರನ್ನೂ ಎತ್ತುತ್ತದೆ. ಆದರೆ ನಿಲುಗಡೆಯನ್ನು ರೈಲು ನಿಲ್ದಾಣ, ವಿಮಾನ ನಿಲ್ದಾಣಗಳೊಡನೆ ಒಂದೇ ಸಾಲಿನಲ್ಲಿ ಸೇರಿಸಿ, ವಾಹನ ನಿಲ್ಲಿಸುವ ಜಾಗ, ಶೌಚಾಲಯ, ಟಿಕೆಟಿನ ಕಿಟಕಿ, ಟಿಕೆಟಿನ ಯಂತ್ರ ಇವುಗಳ ಬಗ್ಗೆ ಹೇಳುತ್ತದೆ. ರಸ್ತೆಯ ಪಕ್ಕದ ಸಾಮಾನ್ಯ ನಿಲುಗಡೆಯಲ್ಲಿ ಈ ನಾಲ್ಕರಲ್ಲಿ ಒಂದೂ ಇರುವುದಿಲ್ಲ. ಆ ವಾಕ್ಯವನ್ನು ಬರೆಯುವಾಗ ಕಣ್ಣ ಮುಂದಿದ್ದುದು ಊರಿನ ದೊಡ್ಡ ಬಸ್ ನಿಲ್ದಾಣವಿರಬೇಕೆಂದು ತೋರುತ್ತದೆ. ಅದೇ ಕಲಮು ರಸ್ತೆಗಳೂ ಸುಗಮವಾಗಿರಬೇಕೆಂದು ವಿಧಿಸುವುದರಿಂದ ರಸ್ತೆಬದಿಯ ನಿಲುಗಡೆಗೆ ರಕ್ಷಣೆ ಅಲ್ಲಿಂದ ದೊರೆಯಬೇಕಾಗಿದೆ.

2024ರ ನವೆಂಬರ್ 8ರಂದು ಸರ್ವೋಚ್ಚ ನ್ಯಾಯಾಲಯವು ರಾಜೀವ್ ರತೂರಿಯವರ ಮೊಕದ್ದಮೆಯಲ್ಲಿ ಮಹತ್ವದ ತೀರ್ಪು ಕೊಟ್ಟಿತು. ಕಾಯಿದೆಯು ಸುಗಮತೆಯನ್ನು ಕಡ್ಡಾಯವೆಂದಿದ್ದರೂ ಅದರಡಿಯಲ್ಲಿ ರಚಿಸಿದ 15ನೆಯ ನಿಯಮವು ಕೇವಲ ಸಲಹೆಯ ರೂಪದ ಮಾರ್ಗದರ್ಶಿಗಳನ್ನು ಅವಲಂಬಿಸಿದೆಯಾದುದರಿಂದ ಅದು ಕಾಯಿದೆಗೆ ವಿರುದ್ಧವೆಂದು ಸಾರಿ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳೊಳಗೆ ರೂಪಿಸಲು ಕೇಂದ್ರ ಸರಕಾರಕ್ಕೆ ಆದೇಶಿಸಿತು. ಸಲಹೆಗೂ ವಿಧಿಗೂ ಇರುವ ಅಂತರವನ್ನು ನ್ಯಾಯಾಲಯವು ಇಲ್ಲಿ ಎತ್ತಿಹಿಡಿಯಿತು.

ಆದರೂ ಕಾಯಿದೆಯೊಂದೇ ಸಾಲದು. ನಿಲುಗಡೆಗೆ ಒಡೆಯರು ಹಲವರು. ಬಸ್ಸು ಸಾರಿಗೆ ಸಂಸ್ಥೆಯದು, ಫುಟ್‌ಪಾತು ನಗರಸಭೆಯ ರಸ್ತೆ ಇಲಾಖೆಯದು, ಮಾಡು ಜಾಹೀರಾತಿನ ಗುತ್ತಿಗೆದಾರನದು, ಅಡ್ಡ ನಿಲ್ಲಿಸಿದ ಕಾರನ್ನು ತೆಗೆಸುವುದು ಪೋಲೀಸರದು, ನಡುವಿನ ವಿದ್ಯುತ್ ಕಂಬ ಮತ್ತೊಬ್ಬರದು. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸವನ್ನು ಸರಿಯಾಗಿಯೇ ಮಾಡಿ ಮುಗಿಸಿದರೂ ನಿಲುಗಡೆಯು ನಿರುಪಯುಕ್ತವಾಗಿ ಉಳಿಯುವುದು ಸಾಧ್ಯ. ಬಸ್ಸಿನ ನೆಲ, ಫುಟ್‌ಪಾತಿನ ನೆಲ ಇವೆರಡೂ ಒಂದೇ ನಕ್ಷೆಯಲ್ಲಿ, ಒಬ್ಬನ ಹೊಣೆಯಲ್ಲಿ ಬರುವವರೆಗೆ ಈ ಅವಸ್ಥೆ ತಪ್ಪದು.

ಲೆಕ್ಕಕ್ಕೆ ಬಾರದವರು

ಖರ್ಚಿನ ಮಾತನ್ನು ಎತ್ತುವವರಿಗೆ ಒಂದು ಲೆಕ್ಕವನ್ನು ತೋರಿಸಬಹುದು. ಒಂದು ಮಾರ್ಗದಲ್ಲಿ 40 ನಿಲುಗಡೆಗಳಿವೆಯೆಂದೂ, ಏರುವಿಳಿಯುವಿಕೆ ಸುಲಭವಾದುದರಿಂದ ಪ್ರತಿಯೊಂದರಲ್ಲಿ 5 ಸೆಕೆಂಡು ಉಳಿಯಿತೆಂದೂ ಭಾವಿಸೋಣ. ಒಂದು ಓಟಕ್ಕೆ 200 ಸೆಕೆಂಡು ಉಳಿತಾಯ. ಆ ಬಸ್ಸು ದಿನಕ್ಕೆ ಹತ್ತು ಓಟ ಓಡಿದರೆ ಅರ್ಧ ಗಂಟೆಗೂ ಮಿಕ್ಕ ಕಾಲ. ಅಂಚುಕಲ್ಲಿಗೆ ಒಮ್ಮೆ ಹಾಕಿದ ಬಂಡವಾಳವು ದಿನವೂ ಬಡ್ಡಿಯನ್ನು ತರುತ್ತಲೇ ಇರುತ್ತದೆ.

ಆದರೆ ಇದಕ್ಕಿಂತ ದೊಡ್ಡ ನಷ್ಟವೊಂದು ಯಾವ ಖಾತೆಯಲ್ಲಿಯೂ ದಾಖಲಾಗುವುದಿಲ್ಲ. ಸಾರಿಗೆ ಸಂಸ್ಥೆಯು ಎಣಿಸುವುದು ಮಾರಿದ ಟಿಕೆಟುಗಳನ್ನು. ಮೆಟ್ಟಿಲೇರಲಾರದೆ ಮನೆಯಲ್ಲಿಯೇ ಉಳಿದವರ ಟಿಕೆಟು ಹರಿಯುವುದಿಲ್ಲವಾದುದರಿಂದ ಅವರು ಇಲ್ಲದವರಂತೆಯೇ ಆಗುತ್ತಾರೆ. ಈ ನಿಲುಗಡೆಗೆ ಗಾಲಿಕುರ್ಚಿಯವರು ಯಾರೂ ಬರುವುದಿಲ್ಲ, ಅವರಿಗಾಗಿ ಖರ್ಚೇಕೆ ಎಂಬ ವಾದ ಹುಟ್ಟುವುದು ಹೀಗೆ. ಸೇತುವೆಯಿಲ್ಲದ ಹೊಳೆಯನ್ನು ಯಾರೂ ದಾಟುತ್ತಿಲ್ಲ, ಆದುದರಿಂದ ಸೇತುವೆ ಬೇಡವೆಂದು ತರ್ಕಿಸಿದಂತೆ ಇದು. 2011ರ ಜನಗಣತಿಯಲ್ಲಿ ದೇಶದ 2.68 ಕೋಟಿ ಜನ ಅಂಗವಿಕಲರೆಂದು ದಾಖಲಾಗಿದ್ದಾರೆ. ಮುದುಕರು, ಗರ್ಭಿಣಿಯರು, ಕಾಲು ಮುರಿದು ಮೂರು ತಿಂಗಳು ಊರುಗೋಲು ಹಿಡಿದವರು ಈ ಎಣಿಕೆಯಲ್ಲಿ ಸೇರಿಲ್ಲ.

2023ರ ಜೂನ್ 11ರಿಂದ ಕರ್ನಾಟಕದ ‘ಶಕ್ತಿ’ ಯೋಜನೆಯು ಹೆಂಗಸರಿಗೆ ಸರಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕಲ್ಪಿಸಿತು. ಹಣದ ಅಡ್ಡಿ ತೊಲಗಿದೊಡನೆ ಅದುವರೆಗೆ ಮನೆಯಲ್ಲಿದ್ದ ಎಷ್ಟೋ ಮಂದಿ ಹೊರಟರು. ಹೊರಡುವ ಆಸೆ ಅವರಿಗೆ ಮೊದಲೇ ಇತ್ತೆಂದು ಆಗ ತಿಳಿಯಿತು. ಮೆಟ್ಟಿಲೂ ಅಂಥದೇ ಒಂದು ಅಡ್ಡಿ. ಅದನ್ನು ತೆಗೆದಾಗ ಎಷ್ಟು ಜನ ಹೊರಬರುವರೆಂಬುದು ತೆಗೆದ ಮೇಲೆಯೇ ಗೊತ್ತಾಗತಕ್ಕದ್ದು.

ಊರಿನ ಮನೆಯನ್ನು ಮುಚ್ಚಿ ಮಗನ ಸಂಸಾರದೊಡನೆ ಇರಲು ಮುಂಬಯಿಗೋ ಪುಣೆಗೋ ಬಂದ ವೃದ್ಧೆಯೊಬ್ಬಳ ಸ್ಥಿತಿಯನ್ನು ಓದುಗರು ಊಹಿಸಿಕೊಳ್ಳಬಹುದು. ಅಂಥವರಿಲ್ಲದ ಕನ್ನಡ ಕುಟುಂಬಗಳು ಹೊರನಾಡಿನಲ್ಲಿ ವಿರಳ. ಅವಳಿಗೆ ಬೇಕಾದ ಗುಡಿ, ಸೊಪ್ಪಿನ ಸಂತೆ, ಕನ್ನಡ ಸಂಘದ ಹರಿಕಥೆ ಇವೆಲ್ಲ ನಾಲ್ಕು ನಿಲುಗಡೆಗಳ ದೂರದಲ್ಲಿವೆ. ದಿನವೂ ರಿಕ್ಷಾಕ್ಕೆ ಹಣ ಕೇಳಲು ಅವಳಿಗೆ ಸಂಕೋಚ. ಒಂದು ಸಲ ಬಸ್ಸು ಏರುವಾಗ ಕಾಲು ಜಾರಿತು. ಮರುದಿನದಿಂದ ಅವಳು ‘ನನಗೇನೂ ಅಲ್ಲಿ ಕೆಲಸವಿಲ್ಲ’ ಎನ್ನತೊಡಗುತ್ತಾಳೆ. ಮನೆಯವರು ಅದನ್ನು ನಂಬುತ್ತಾರೆ. ಅವಳ ಪ್ರಪಂಚವು ಎರಡು ಕೋಣೆಗಳಿಗೆ ಇಳಿಯುತ್ತದೆ.

ಇದಕ್ಕೆ ಪ್ರತೀಕಾರವನ್ನು ನಗರಸಭೆಯೇ ಮಾಡಬೇಕು. ಆದರೆ ಆರಂಭವನ್ನು ಯಾವ ಸಂಘವೂ ಮಾಡಬಹುದು. ಒಂದು ಅಳತೆಪಟ್ಟಿ, ಒಂದು ಟಿಪ್ಪಣಿಪುಸ್ತಕ ಇಷ್ಟಿದ್ದರೆ ಸಾಕು. ಸಂಘದ ಕಟ್ಟಡಕ್ಕೆ ಹತ್ತಿರದ ಐದು ನಿಲುಗಡೆಗಳನ್ನು ಆರಿಸಿಕೊಂಡು, ಅಂಚಿನ ಎತ್ತರವೆಷ್ಟು, ಹಾದಿಯ ತೆರಪಾದ ಅಗಲವೆಷ್ಟು, ಬಸ್ಸು ಅಂಚಿನಿಂದ ಎಷ್ಟು ದೂರ ನಿಲ್ಲುತ್ತದೆ, ಕುಳಿತವನಿಗೆ ಬರುವ ಬಸ್ಸು ಕಾಣುತ್ತದೆಯೇ, ಸ್ಥಳದ ಹೆಸರೂ ಬಸ್ಸುಗಳ ಸಂಖ್ಯೆಯೂ ಇವೆಯೇ, ರಾತ್ರಿ ದೀಪ ಉರಿಯುತ್ತದೆಯೇ ಎಂಬ ಆರು ಸಂಗತಿಗಳನ್ನು ಬರೆದು ವಾರ್ಡಿನ ಕಚೇರಿಗೆ ಒಪ್ಪಿಸಬಹುದು. ಅಧಿಕಾರಿಗಳು ದೂರಿಗೆ ಸುಲಭವಾಗಿ ಉತ್ತರ ಕೊಡುತ್ತಾರೆ. ಅಳತೆಗೆ ಉತ್ತರ ಕೊಡುವುದು ಅಷ್ಟು ಸುಲಭವಲ್ಲ. ಅಳೆಯಲು ಹೋಗುವಾಗ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಅಳತೆಪಟ್ಟಿಗೆ ಕಾಣದ ಕೆಲವು ಸಂಗತಿಗಳು ಅವರ ಮಂಡಿಗೆ ತಿಳಿದಿರುತ್ತವೆ.